ಬಟ್ಟೆಯ ಬಣ್ಣ ಮೊಬೈಲ್ ಬೆನ್ನಿಗೆ ಬಂದ ದಾರಿ

ಮೊಬೈಲ್ ಕವರ್ ಮೇಲೆ ಫೋಟೋ ಅಚ್ಚು ಹಾಕುವ ಕೆಲಸ ಮೊನ್ನೆ ಮೊನ್ನೆ ಚೀನಾದಿಂದ ಬಂದದ್ದು ಅಂತ ನಮ್ಮ ಅಂಗಡಿಗೆ ಬರುವ ಹುಡುಗರು ತಿಳಿದಿದ್ದಾರೆ. ಯಂತ್ರ ಅಲ್ಲಿಂದಲೇ ಬಂತು, ನಿಜ. ಖಾಲಿ ಕವರು, ಅದರೊಳಗೆ ಕೂರಿಸುವ ಅಲ್ಯೂಮಿನಿಯಂ ಮೋಲ್ಡು, ಬಿಸಿಗೆ ಕರಗದ ಟೇಪು ಕೂಡ ಅಲ್ಲಿಯವೇ. ಆದರೆ ಬಣ್ಣ ಬಂದದ್ದು ಬಟ್ಟೆಯಿಂದ. ಇಂಗ್ಲೆಂಡಿನ ಎರಡು ಊರು, ಫ್ರಾನ್ಸಿನ ಒಂದು ಊರು, ಅಲ್ಲಿನ ಬಣ್ಣದ ಮನೆಗಳಲ್ಲಿ ಕೈ ಸುಟ್ಟುಕೊಂಡು ಕಲಿತವರ ತಿಳಿವಳಿಕೆ, ಎಲ್ಲ ಸೇರಿ ನೂರು ವರ್ಷದ ದಾರಿ ಅದು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹುಟ್ಟಿ, ಇದೇ ಊರಿನ ಅಶೋಕ ರಸ್ತೆಯ ಆಸುಪಾಸಿನಲ್ಲಿ ಕವರ್ ಅಚ್ಚು ಹಾಕಿ ಬದುಕುತ್ತಿರುವ ನನಗೆ ಆ ದಾರಿಯನ್ನು ಒಮ್ಮೆ ಬರೆದಿಡಬೇಕು ಅನ್ನಿಸಿದೆ.

ನಮ್ಮಪ್ಪ ಇಲ್ಲಿನ ಒಂದು ಹತ್ತಿ ಗಿರಣಿಯ ಬಣ್ಣದ ಖಾತೆಯಲ್ಲಿದ್ದರು. ಗಿರಣಿ ನಿಂತ ಮೇಲೆ ಬೆಂಗಳೂರಿಗೆ ಹೋಗಿ, ಒಂದು ಪ್ರೊಸೆಸಿಂಗ್ ಘಟಕದಲ್ಲಿ ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಹಾಕುವುದನ್ನು ನಡುವಯಸ್ಸಿನಲ್ಲಿ ಹೊಸದಾಗಿ ಕಲಿತರು. ನಾನು ಮದುವೆಯಾಗಿ ಸೇರಿದ್ದು ಫೋಟೋ ಸ್ಟುಡಿಯೋ ಇದ್ದ ಮನೆಗೆ. ಸ್ಟುಡಿಯೋ ಮಂಕಾದ ಕಾಲಕ್ಕೆ ಮಗ್ಗು, ಟೀ ಶರ್ಟು, ಆಮೇಲೆ ಮೊಬೈಲ್ ಕವರು ಅಂತ ಕೆಲಸ ಹಿಡಿದೆವು. ಮೊದಲ ಸಲ ಸಬ್ಲಿಮೇಷನ್ ಇಂಕು ತಂದಾಗ ಅಪ್ಪ ಊರಿಗೆ ಬಂದಿದ್ದರು. ಬಾಟಲಿಯ ಮುಚ್ಚಳ ತೆಗೆದು ಮೂಸಿದರು, ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡಿದರು. "ಇದು ನಮ್ಮ ಡಿಸ್ಪರ್ಸ್ ಬಣ್ಣಾನೇ ಅಲ್ಲೇನವ್ವಾ! ಇದಕ್ಕೆ ನೀರು ಆಗಿಬರಲ್ಲ, ಬಿಸಿ ಬೇಕು" ಅಂದರು. ನಾನು ಹೊಸ ವಿದ್ಯೆ ಅಂದುಕೊಂಡಿದ್ದು ಅವರ ಪಾಲಿಗೆ ಹಳೆಯ ಸಾಮಾನು. ಅವರು ಡ್ರಮ್ಮುಗಳ ಮೇಲೆ ಓದುತ್ತಿದ್ದ ಡಿಸ್ಪರ್ಸ್ ರೆಡ್ 60, ಡಿಸ್ಪರ್ಸ್ ಯೆಲ್ಲೋ 54 ಎಂಬ ಬಣ್ಣಗಳೇ ಸಬ್ಲಿಮೇಷನ್ ಇಂಕಿನ ಕೆಂಪಿಗೂ ಹಳದಿಗೂ ಇಂದಿಗೂ ಬಳಕೆಯಲ್ಲಿವೆ.

ನೀರು ಆಗಿಬರದ ಬಣ್ಣವನ್ನು ಯಾರಾದರೂ ಯಾಕೆ ಮಾಡಬೇಕಿತ್ತು? ಅದಕ್ಕೆ ಮೊದಲನೆಯ ಮಹಾಯುದ್ಧದ ವಿಮಾನಗಳ ತನಕ ಹಿಂದೆ ಹೋಗಬೇಕು. ಆಗಿನ ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸುತ್ತಿದ್ದರು. ಬಟ್ಟೆ ಬಿಗಿಯಾಗಿ ನಿಲ್ಲಲು, ಗಾಳಿ ನೀರು ತಡೆಯಲು ಅದರ ಮೇಲೆ ಒಂದು ಲೇಪ ಬಳಿಯಬೇಕಿತ್ತು. ಬೇಗ ಬೆಂಕಿ ಹಿಡಿಯದ ಲೇಪ ಸೆಲ್ಯುಲೋಸ್ ಅಸಿಟೇಟಿನದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಡ್ರೈಫಸ್ ಸಹೋದರರು, ಕಾಮಿಲ್ ಮತ್ತು ಆನ್ರಿ, ಅದನ್ನು ಮಾಡುವ ಕಾರ್ಖಾನೆಯನ್ನು ಇಂಗ್ಲೆಂಡಿನ ಡರ್ಬಿ ಪಕ್ಕದ ಸ್ಪಾಂಡನ್ ಊರಿನಲ್ಲಿ ಹಾಕಿದರು. ಯುದ್ಧ ಮುಗಿಯಿತು, ರೆಕ್ಕೆಯ ಲೇಪ ಕೇಳುವವರಿಲ್ಲದಾಯಿತು. ಅದೇ ಸಾಮಾನನ್ನು ಎಳೆಯಾಗಿ ಎಳೆದು 'ಸೆಲನೀಸ್' ಎಂಬ ಕೃತಕ ರೇಷ್ಮೆ ಮಾಡಿದರು. ನೋಡಲು ಬಲು ಅಂದ, ಮುಟ್ಟಲು ಮೃದು. ಆದರೆ ಹತ್ತಿಗೆ, ಉಣ್ಣೆಗೆ, ರೇಷ್ಮೆಗೆ ಹತ್ತುತ್ತಿದ್ದ ಯಾವ ಬಣ್ಣವೂ ಅದಕ್ಕೆ ಸರಿಯಾಗಿ ಹತ್ತಲಿಲ್ಲ. ಬಿಳಿಯ ಸೀರೆಯನ್ನೇ ಎಷ್ಟು ದಿನ ಮಾರಲು ಬರುತ್ತದೆ?

1920ರ ದಶಕದ ಮೊದಲರ್ಧದಲ್ಲಿ ಇದಕ್ಕೆ ದಾರಿ ಸಿಕ್ಕಿತು. ನೀರಿನಲ್ಲಿ ಕರಗುವ ಬಣ್ಣ ಈ ಎಳೆಯನ್ನು ಹೊಗದಿದ್ದರೆ, ಕರಗದ ಬಣ್ಣವನ್ನೇ ನುಣ್ಣಗೆ ಅರೆದು ನೀರಿನಲ್ಲಿ ಚದುರಿಸಿ ಬಿಡೋಣ ಎಂದರು ರಸಾಯನ ತಜ್ಞರು. ಚದುರಿದ ಕಣ ಎಳೆಯ ಹತ್ತಿರ ಬಂದಾಗ ನೀರನ್ನು ಬಿಟ್ಟು ಎಳೆಯೊಳಕ್ಕೆ ನುಗ್ಗುತ್ತದೆ. ಕಣಗಳು ತಳಕ್ಕೆ ಕೂರದಂತೆ ಹಿಡಿದಿಡಲು ಬ್ರಿಟಿಷ್ ಸೆಲನೀಸ್ ಕಂಪನಿ ಬಳಸಿದ್ದು ಹರಳೆಣ್ಣೆಯಿಂದ ಮಾಡಿದ ಸಲ್ಫೋರಿಸಿನೋಲಿಕ್ ಆಮ್ಲ. ಅದರ ಮೊದಲಕ್ಷರ ಹಿಡಿದು 'ಎಸ್‌ಆರ್‌ಎ' ಬಣ್ಣಗಳು ಎಂದು ಮಾರಿದರು. ಇವತ್ತು ನನ್ನ ಪ್ರಿಂಟರಿನಲ್ಲಿ ಇರುವ ಇಂಕು ಮೂಲದಲ್ಲಿ ಅದೇ ಉಪಾಯ: ಕರಗದ ಬಣ್ಣದ ನುಣ್ಣನೆಯ ಕಣಗಳು, ಅವನ್ನು ತೇಲಿಸಿ ಹಿಡಿದಿರುವ ದ್ರವ. ಬಾಟಲಿಯನ್ನು ಅಲುಗಾಡಿಸದೆ ಬಹಳ ದಿನ ಇಟ್ಟರೆ ತಳದಲ್ಲಿ ಕೂರುವುದೂ ಅದಕ್ಕೇ.

ಆಮೇಲೆ ಬಂದದ್ದು ಪಾಲಿಯೆಸ್ಟರ್. 1941ರಲ್ಲಿ ಲ್ಯಾಂಕಶೈರಿನ ಅಕ್ರಿಂಗ್ಟನ್ ಊರಿನಲ್ಲಿ, ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನ ಪ್ರಯೋಗಶಾಲೆಯಲ್ಲಿ, ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ ಅದನ್ನು ಮಾಡಿದರು. ಬಟ್ಟೆಗೆ ಅಚ್ಚು ಹಾಕುವವರ ಸಂಘದ ಪ್ರಯೋಗಶಾಲೆ ಅದು ಎಂಬುದನ್ನು ಗಮನಿಸಬೇಕು. ಐಸಿಐ ಕಂಪನಿ ಅದನ್ನು ಟೆರಿಲೀನ್ ಎಂದು ಮಾರಿತು, ಅಮೆರಿಕದಲ್ಲಿ ಡುಪಾಂಟ್ ಡೇಕ್ರಾನ್ ಎಂದಿತು. ನಮ್ಮ ಕಡೆ ಮದುವೆ ಗಂಡಿಗೆ ಟೆರಿಲಿನ್ ಶರ್ಟು, ಟೆರಿಕಾಟ್ ಪ್ಯಾಂಟು ಹೊಲಿಸದೆ ಬೀಗರಿಗೆ ಸಮಾಧಾನ ಆಗದ ಒಂದು ಕಾಲವೇ ಇತ್ತು. ಒಗೆದು ಹರವಿದರೆ ಇಸ್ತ್ರಿ ಬೇಡ, ಬೇಗ ಹರಿಯುವುದಿಲ್ಲ.

ಪಾಲಿಯೆಸ್ಟರ್ ಎಳೆ ಅಸಿಟೇಟಿಗಿಂತ ಬಿಗಿ. ಕುದಿಯುವ ನೀರಿಗೂ ಅದು ಬಾಯಿ ಬಿಡುವುದಿಲ್ಲ. ಒತ್ತಡದ ಪಾತ್ರೆಯಲ್ಲಿ 130 ಡಿಗ್ರಿಗೆ ಏರಿಸಿದರೆ ಚದುರಿದ ಬಣ್ಣ ಒಳಗೆ ಹೋಗುತ್ತದೆ; ಇಲ್ಲವೇ ಬಣ್ಣ ಮೆತ್ತಿ ಒಣಗಿಸಿದ ಬಟ್ಟೆಯನ್ನು 200 ಡಿಗ್ರಿ ಆಸುಪಾಸಿನ ಒಣ ಬಿಸಿಯಲ್ಲಿ ಹಾಯಿಸಬೇಕು. ಆ ಎರಡನೆಯ ದಾರಿಯಲ್ಲಿ ಒಂದು ತೊಂದರೆ ಎಲ್ಲ ಬಣ್ಣದ ಖಾತೆಗಳಿಗೂ ಗೊತ್ತಿತ್ತು. ಬಿಸಿಗೆ ಕೆಲವು ಬಣ್ಣಗಳು ಹಾರುತ್ತವೆ. ಕೆಂಪು ಬಟ್ಟೆ ಹೋದ ಯಂತ್ರದಲ್ಲಿ ಮುಂದೆ ಬಿಳಿ ಬಟ್ಟೆ ಹೋದರೆ ಅದರ ಅಂಚಿಗೆ ಗುಲಾಬಿ ಛಾಯೆ. ಉರುಳೆಗೆ ಬಣ್ಣ, ಗೋಡೆಗೆ ಬಣ್ಣ. ಇಸ್ತ್ರಿ ಬಿಸಿ ಹೆಚ್ಚಾದರೆ ಕೆಳಗಿನ ಹಾಸುಬಟ್ಟೆಗೂ ಬಣ್ಣ. ಅದಕ್ಕೇ ಬಣ್ಣದ ಕಂಪನಿಗಳು ತಮ್ಮ ಡಿಸ್ಪರ್ಸ್ ಬಣ್ಣಗಳನ್ನು ಬೇಗ ಹಾರುವವು, ತಡವಾಗಿ ಹಾರುವವು, ಹಾರದವು ಎಂದು ವರ್ಗ ಮಾಡಿ ಮಾರುತ್ತಿದ್ದವು. ಅಪ್ಪನ ಕೈಯಲ್ಲೊಂದು ದಪ್ಪ ನೋಟ್‌ಬುಕ್ ಇತ್ತು. ಪ್ರತಿ ಪುಟಕ್ಕೂ ಅಂಗೈ ಅರ್ಧದಷ್ಟು ಬಟ್ಟೆಯ ತುಣುಕು ಅಂಟಿಸಿ, ಪಕ್ಕದಲ್ಲಿ ಬಣ್ಣದ ಹೆಸರು, ಶೇಕಡಾ ಎಷ್ಟು, ಬಿಸಿ ಎಷ್ಟು, ಹೊತ್ತು ಎಷ್ಟು ಎಂದು ಬರೆದಿದ್ದರು. ಹಾರುವ ಬಣ್ಣಗಳ ಮುಂದೆ ಕೆಂಪು ಪೆನ್ಸಿಲ್ಲಿನ ಗೀಟು. ಅಂದರೆ ಹುಷಾರು ಎಂದರ್ಥ.

ಘನವಾಗಿದ್ದ ವಸ್ತು ದ್ರವವಾಗದೆ ನೇರ ಆವಿಯಾಗುವುದನ್ನು ಶಾಲೆಯಲ್ಲಿ ಉತ್ಪತನ ಎಂದು ಓದಿರುತ್ತೇವೆ. ದೇವರ ಮನೆಯ ಕರ್ಪೂರದ ಡಬ್ಬಿಯನ್ನು ಸಡಿಲವಾಗಿ ಮುಚ್ಚಿಟ್ಟರೆ ಬಿಲ್ಲೆ ಸವೆದು ಹೋಗುತ್ತದೆ, ಡಬ್ಬಿ ಮಾತ್ರ ಒದ್ದೆಯಾಗುವುದಿಲ್ಲವಲ್ಲ, ಅದೇ ಇದು. ಬಣ್ಣದ ಕಣ ಬಿಸಿಗೆ ಹಾಗೆ ಆವಿಯಾದರೆ ಹತ್ತಿರದಲ್ಲಿ ಪಾಲಿಯೆಸ್ಟರ್ ಎಲ್ಲಿದ್ದರೂ ಅದರೊಳಗೆ ಸೇರಿಕೊಳ್ಳುತ್ತದೆ.

ಫ್ರಾನ್ಸಿನ ಉತ್ತರದ ರೂಬೇ ಊರು ಇಲ್ಲಿ ಬರುತ್ತದೆ. ಉಣ್ಣೆಯ ಊರು ಅದು. ಸಾವಿರ ಚಿಮಣಿಗಳ ಊರು ಎಂದು ಅದನ್ನು ಕರೆಯುತ್ತಿದ್ದರು. ಅಲ್ಲಿನ ಲೆನಿಯೇರ್ ದ ರೂಬೇ ಎಂಬ ದೊಡ್ಡ ಉಣ್ಣೆ ಗಿರಣಿಗೆ ಕೆಲಸ ಮಾಡುತ್ತಿದ್ದ ನೊಯೆಲ್ ದ ಪ್ಲಾಸ್ 1957ರಲ್ಲಿ ಎಲ್ಲ ಬಣ್ಣಗಾರರೂ ತೊಂದರೆ ಎಂದು ಕಂಡದ್ದನ್ನೇ ಕೆಲಸ ಎಂದು ಕಂಡರು. ಬಣ್ಣ ಹಾರುತ್ತದೆಯೇ? ಹಾಗಾದರೆ ಅದನ್ನು ಬೇಕೆಂದ ಕಡೆಯಿಂದ ಬೇಕೆಂದ ಕಡೆಗೆ ಹಾರಿಸೋಣ. ಮೊದಲು ಕಾಗದದ ಮೇಲೆ ಚಿತ್ತಾರ ಅಚ್ಚು ಹಾಕುವುದು, ಕಾಗದವನ್ನು ಬಟ್ಟೆಗೆ ಮುಖಾಮುಖಿ ಇಟ್ಟು 200 ಡಿಗ್ರಿ ಬಿಸಿಯಲ್ಲಿ ಒತ್ತುವುದು. ಅರ್ಧ ನಿಮಿಷದಲ್ಲಿ ಚಿತ್ತಾರ ಬಟ್ಟೆಯಲ್ಲಿ, ಬಿಳಚಿದ ಕಾಗದ ಕೈಯಲ್ಲಿ. ಈ ಪದ್ಧತಿ 'ಸಬ್ಲಿಸ್ಟಾಟಿಕ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಗಿರಣಿಯಲ್ಲಿ ಬಣ್ಣದ ಕೆಲಸ ಕಂಡವರಿಗೆ ಮಾತ್ರ ಇದರ ದೊಡ್ಡತನ ತಿಳಿಯುತ್ತದೆ. ಬಟ್ಟೆಗೆ ಮಾಮೂಲು ಅಚ್ಚು ಹಾಕಬೇಕಾದರೆ ಗೋಂದು ಕಲಸಬೇಕು, ಅಚ್ಚಾದ ಮೇಲೆ ಹಬೆ ಕೊಡಬೇಕು, ಆಮೇಲೆ ತೊಳೆಯಬೇಕು, ಸಾಬೂನು ಹಾಕಬೇಕು, ಮತ್ತೆ ತೊಳೆಯಬೇಕು. ಆ ಬಣ್ಣದ ನೀರೆಲ್ಲ ಹಳ್ಳಕ್ಕೆ, ಹೊಳೆಗೆ. ಕಾಗದದಿಂದ ಹಾರಿಸುವ ಪದ್ಧತಿಯಲ್ಲಿ ನೀರೂ ಇಲ್ಲ, ಹಬೆಯೂ ಇಲ್ಲ, ತೊಳೆಯುವ ಗೊಡವೆಯೂ ಇಲ್ಲ. ಒಂದು ಕೋಣೆ, ಒಂದು ಬಿಸಿ ಯಂತ್ರ ಸಾಕು. ಗಿರಣಿಯ ಹೊರಗೂ ಅಚ್ಚಿನ ಕೆಲಸ ಮಾಡಬಹುದು ಎನ್ನುವ ಬಾಗಿಲು ತೆರೆದದ್ದು ಅಲ್ಲಿ. ನನ್ನಂಥವಳು ಹತ್ತಡಿ ಅಂಗಡಿಯಲ್ಲಿ ಕೂತು ಈ ಕೆಲಸ ಮಾಡುತ್ತಿರುವುದಕ್ಕೆ ಕಾರಣ ರೂಬೇ ಊರಿನ ಆ ಕಾಗದ.

1970ರ ದಶಕದಲ್ಲಿ ಯುರೋಪು, ಅಮೆರಿಕದಲ್ಲಿ ಪಾಲಿಯೆಸ್ಟರ್ ಹೆಣಿಗೆ ಬಟ್ಟೆಯ ಹುಚ್ಚು ಹತ್ತಿದಾಗ ಇದು ಬಹಳ ನಡೆಯಿತು. ಜನ ಮತ್ತೆ ಹತ್ತಿಗೆ ತಿರುಗಿದಾಗ ಇಳಿಯಿತು. ನಮ್ಮಲ್ಲಿ ನಡೆದದ್ದು ಬೇರೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಅದೇ ವರ್ಷ ರಿಲಯನ್ಸ್ ಪಾತಾಳಗಂಗಾದಲ್ಲಿ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ತೆರೆಯಿತು. ಹತ್ತಿ ಗಿರಣಿಗಳ ಕಾಲ ಮುಗಿಯುತ್ತಿರುವುದನ್ನು ಈ ಎರಡು ಸಂಗತಿ ಸೇರಿ ಹೇಳುತ್ತವೆ. ದಾವಣಗೆರೆಯ ಗಿರಣಿಗಳೂ ಒಂದೊಂದಾಗಿ ನಿಂತವು. ಬೆಳಗಿನ ಸೈರನ್ನಿಗೆ ಎದ್ದು ಒಲೆ ಹಚ್ಚುತ್ತಿದ್ದ ಓಣಿಗಳಲ್ಲಿ ಗಂಡಸರು ಮನೆಯಲ್ಲೇ ಉಳಿದರು. ಅಪ್ಪ ಹೊಟ್ಟೆಪಾಡಿಗೆ ಕಲಿಯಬೇಕಾದದ್ದು ತಮ್ಮ ಗಿರಣಿಯನ್ನು ಹಿಂದಕ್ಕೆ ತಳ್ಳಿದ ಅದೇ ಪಾಲಿಯೆಸ್ಟರಿನ ಬಣ್ಣವನ್ನು. ಅವರು ಅದನ್ನು ಎಂದೂ ದೂರಲಿಲ್ಲ. ಕಲಿತರು, ಚೆನ್ನಾಗಿ ಕಲಿತರು. ಆ ಮಾತನ್ನು ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ.

ಕಾಗದದ ಮೇಲೆ ಚಿತ್ತಾರ ಹಾಕಲು ಆಗ ಕೊರೆದ ಸಿಲಿಂಡರ್ ಬೇಕಿತ್ತು, ಸಾವಿರಾರು ಮೀಟರ್ ಒಂದೇ ನಮೂನೆ ಹೊಡೆದರೆ ಮಾತ್ರ ಗಿಟ್ಟುತ್ತಿತ್ತು. ಒಬ್ಬರಿಗೆ ಒಂದೇ ಒಂದು ಚಿತ್ರ ಎನ್ನುವ ಕಾಲ ಬಂದದ್ದು ಇಂಕ್‌ಜೆಟ್ ಪ್ರಿಂಟರಿನಿಂದ. ಇಂಕ್‌ಜೆಟ್‌ನಲ್ಲೂ ಎರಡು ಜಾತಿ. ಒಂದು ಜಾತಿ ಇಂಕನ್ನು ಕ್ಷಣಮಾತ್ರ ಕುದಿಸಿ ಗುಳ್ಳೆ ಎಬ್ಬಿಸಿ ಹನಿಯನ್ನು ಹೊರಗೆ ತಳ್ಳುತ್ತದೆ. ಬಿಸಿಗೆ ಹಾರುವ ಬಣ್ಣಕ್ಕೆ ಅದು ಸಲ್ಲದು. ಇನ್ನೊಂದು, ವಿದ್ಯುತ್ ಕೊಟ್ಟಾಗ ಬಾಗುವ ಪುಟ್ಟ ಹರಳಿನಿಂದ ಹನಿಯನ್ನು ಒತ್ತಿ ಕಳಿಸುವುದು. ಅಲ್ಲಿ ಬಿಸಿಯ ಮಾತಿಲ್ಲ. ಎಪ್ಸನ್ ಕಂಪನಿ 1993ರಲ್ಲಿ ಈ ಬಗೆಯ ತಲೆಯ ಪ್ರಿಂಟರನ್ನು ಮನೆ, ಕಚೇರಿಗಳಿಗೆ ತಂದಿತು. ನಮ್ಮ ದಂಧೆಯಲ್ಲಿ ಎಲ್ಲಿ ನೋಡಿದರೂ ಅದೇ ಕಂಪನಿಯ ಪ್ರಿಂಟರು ಕಾಣುವುದಕ್ಕೆ ಮೂಲ ಕಾರಣ ಇದು. ಆಮೇಲೆ ಟ್ಯಾಂಕ್ ಇರುವ ಎಲ್ ಸರಣಿ ಬಂತು. ಕಂಪನಿಯ ಇಂಕಿನ ಬದಲು ಟ್ಯಾಂಕಿಗೆ ಸಬ್ಲಿಮೇಷನ್ ಇಂಕು ಸುರಿದುಕೊಂಡರೆ ಕೆಲಸ ಶುರು. ವಾರಂಟಿ ಹೋಗುತ್ತದೆ, ಅದು ಗೊತ್ತಿದ್ದೇ ಎಲ್ಲರೂ ಮಾಡುತ್ತಾರೆ.

ನಮ್ಮ ಸ್ಟುಡಿಯೋಕ್ಕೆ ಅದು ಸರಿಯಾದ ಹೊತ್ತಿಗೆ ಬಂತು. ರೋಲು ತೊಳೆಸುವವರು ಕಡಿಮೆಯಾಗಿ, ಡಿಜಿಟಲ್ ಕ್ಯಾಮೆರಾ ಬಂದು, ಕೊನೆಗೆ ಕ್ಯಾಮೆರಾವೇ ಮೊಬೈಲಿನೊಳಗೆ ಸೇರಿತು. 2012ರ ಜನವರಿಯಲ್ಲಿ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದ ಸುದ್ದಿಯನ್ನು ನಮ್ಮ ಯಜಮಾನರು ಪೇಪರಿನಿಂದ ಕತ್ತರಿಸಿ ಡ್ರಾಯರಿನಲ್ಲಿ ಇಟ್ಟುಕೊಂಡರು. ಪಾಸ್‌ಪೋರ್ಟ್ ಫೋಟೋ ಒಂದರಿಂದ ಅಂಗಡಿ ಬಾಡಿಗೆ ಹುಟ್ಟುವುದಿಲ್ಲ. ಮಗ್ಗು ಹಿಡಿದೆವು. ಪಿಂಗಾಣಿಗೆ ಈ ಬಣ್ಣ ಹತ್ತುವುದಿಲ್ಲ. ಅದರ ಮೇಲೆ ಪಾಲಿಯೆಸ್ಟರ್ ಜಾತಿಯ ತೆಳುವಾದ ಲೇಪ ಇರಬೇಕು. ಬ್ಲ್ಯಾಂಕ್ ಮಗ್ಗು ಎಂದರೆ ಆ ಲೇಪ ಹಾಕಿದ ಮಗ್ಗು. ಇಲ್ಲಿಗೆ ಬಟ್ಟೆಯ ಬಣ್ಣ ಬಟ್ಟೆಯನ್ನು ಬಿಟ್ಟಿತು. ಲೇಪ ಹಚ್ಚಲು ಬಂದರೆ ಕಪ್ಪು, ತಟ್ಟೆ, ಗಡಿಯಾರ, ಕಲ್ಲು, ತಗಡು ಏನನ್ನಾದರೂ ಪಾಲಿಯೆಸ್ಟರ್ ಮಾಡಿಬಿಡಬಹುದು.

ಇನ್ನು ಫೋನು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸುಖರಾಂ ಅವರಿಗೆ ಮಾತಾಡಿದಾಗ. ಫೋನಿನ ಅಂಗಿ ಬದಲಿಸುವ ಆಸೆಯನ್ನು ಹುಟ್ಟಿಸಿದ್ದು 1998ರ ನೋಕಿಯಾ 5110. ಅದರ ಮುಂದಿನ ಹೊದಿಕೆಯನ್ನು ಉಗುರಿನಿಂದ ಎಬ್ಬಿಸಿ ಬೇರೆ ಬಣ್ಣದ್ದು ಹಾಕಬಹುದಿತ್ತು. ಆಮೇಲೆ 3310ರ ಕಾಲಕ್ಕೆ ಬಸ್ ನಿಲ್ದಾಣದ ಮುಂದೆ ಹಗ್ಗಕ್ಕೆ ಪ್ಯಾನಲ್ಲು ತೂಗುಹಾಕಿ ಮಾರುವವರು ಬಂದರು. ಆದರೆ ಅವೆಲ್ಲ ಕಾರ್ಖಾನೆಯ ಚಿತ್ರಗಳು, ಜ್ವಾಲೆ, ಹುಲಿ, ಹೃದಯ. ತಮ್ಮ ಮಗುವಿನ ಮುಖ ಹಾಕಿಸುವ ಮಾತಿರಲಿಲ್ಲ. ಗಾಜಿನ ಮುಖದ ದುಬಾರಿ ಫೋನು ಬಂದ ಮೇಲೆ ಕವರು ಅಲಂಕಾರವಾಗಿ ಉಳಿಯಲಿಲ್ಲ, ಬಿದ್ದರೆ ಒಡೆಯದಿರಲೆಂಬ ಅಗತ್ಯವಾಯಿತು. 2014ರಲ್ಲಿ ಶಿಯೋಮಿ ಭಾರತಕ್ಕೆ ಬಂತು, 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಯಿತು. ದಾವಣಗೆರೆ ಸುತ್ತಿನ ಹಳ್ಳಿಗಳಿಂದ ಮೆಕ್ಕೆಜೋಳ ಮಾರಲು ಮಂಡಿಗೆ ಬಂದವರು ಹೊಸ ಫೋನಿನ ಜೊತೆ ಪೌಚು ಕೇಳುತ್ತ ಅಂಗಡಿ ಹತ್ತತೊಡಗಿದ್ದು ಆ ದಿನಗಳಲ್ಲಿ.

ಮೊದಲು ಮಾಡಿದ್ದು ನಾವು ಟೂಡಿ ಎನ್ನುವ ಕವರು. ಪ್ಲಾಸ್ಟಿಕ್ ಚೌಕಟ್ಟಿನ ಬೆನ್ನಿಗೆ ಲೇಪ ಹಚ್ಚಿದ ತೆಳು ಅಲ್ಯೂಮಿನಿಯಂ ತಗಡು. ತಗಡನ್ನು ಚಪ್ಪಟೆ ಹೀಟ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿ ಅಂಟಿಸಿದರೆ ಮುಗಿಯಿತು. ಸುಲಭದ ಕೆಲಸ. ಆದರೆ ಅಂಚುಗಳು ಬೋಳು, ಬೇಸಿಗೆಯಲ್ಲಿ ಅಂಟು ಬಿಟ್ಟು ತಗಡಿನ ಮೂಲೆ ಮೇಲೇಳುತ್ತಿತ್ತು. ಬೆನ್ನು, ಅಂಚು, ಮೂಲೆ, ಕ್ಯಾಮೆರಾದ ಕಂಡಿಯ ಸುತ್ತ ಎಲ್ಲ ಕಡೆ ಚಿತ್ರ ಹರಡಬೇಕೆಂದರೆ ಚಪ್ಪಟೆ ಪ್ರೆಸ್ಸು ಸಾಲದು. ಅದು ಮೇಲಿನಿಂದ ಮಾತ್ರ ಒತ್ತುತ್ತದೆ; ಬಾಗಿದ ಅಂಚನ್ನು ಯಾರು ಒತ್ತಬೇಕು?

ಗಾಳಿ ಒತ್ತಬೇಕು. ನಮ್ಮ ತಲೆಯ ಮೇಲಿರುವ ಗಾಳಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಹಾಕುತ್ತಿದೆ. ಎರಡೂ ಕಡೆಯಿಂದ ಒತ್ತುವುದರಿಂದ ನಮಗೆ ತಿಳಿಯುವುದಿಲ್ಲ. ಒಂದು ಕಡೆಯ ಗಾಳಿ ತೆಗೆದರೆ ಇನ್ನೊಂದು ಕಡೆಯ ಬಲ ಕಾಣುತ್ತದೆ. ಹದಿನೇಳನೆಯ ಶತಮಾನದ ನಡುವೆ ಜರ್ಮನಿಯ ಮಾಗ್ಡೆಬರ್ಗಿನ ಆಟೊ ಫಾನ್ ಗೆರಿಕೆ ಗಾಳಿ ಎಳೆಯುವ ಪಂಪು ಮಾಡಿ, ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದರೂ ಅವು ಬಿಡಲಿಲ್ಲವೆಂದು ಲೋಕಕ್ಕೆ ತೋರಿಸಿದರು. ನಮ್ಮ ವ್ಯಾಕ್ಯೂಮ್ ಪ್ರೆಸ್ಸಿನ ಒಳಗಿರುವುದೂ ಆ ಬಲವೇ. ನಮ್ಮ ದಂಧೆಯಲ್ಲಿ ಹೆಸರಾದ ಯಂತ್ರ ಎಸ್‌ಟಿ-3042. ಆ ಸಂಖ್ಯೆ ಅದರ ತಟ್ಟೆಯ ಅಳತೆ, 30 ಸೆಂಟಿಮೀಟರಿಗೆ 42, ಎ3 ಕಾಗದದಷ್ಟು. ಅಷ್ಟು ಜಾಗದ ಗಾಳಿಯನ್ನು ಪೂರ್ತಿ ಎಳೆಯಲು ಸಾಧ್ಯವಾದರೆ ಮೇಲಿನಿಂದ ಬೀಳುವ ಭಾರ ಒಂದೂಕಾಲು ಟನ್ನಿನ ಹತ್ತಿರ. ಮೇಜಿನ ಮೇಲಿಟ್ಟ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

ಕೆಲಸ ಹೀಗೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಾಗದದ ಮೇಲೆ ಪ್ರಿಂಟ್ ತೆಗೆಯಬೇಕು. ತಿರುಗಿಸದಿದ್ದರೆ ಅಕ್ಷರವೆಲ್ಲ ಎಡಬಲ ಅದಲುಬದಲು. ಕಾಗದದ ಮೇಲೆ ಬಣ್ಣ ಮಂಕಾಗಿ ಬೂದಿ ಬಡಿದಂತಿರುತ್ತದೆ. ಗಿರಾಕಿ ಅದನ್ನು ಕಂಡರೆ ಗಾಬರಿಯಾಗುತ್ತಾರೆ, ಬಿಸಿ ತಾಗಿದ ಮೇಲಷ್ಟೇ ಅದು ಅರಳುವುದು. ಪಾಲಿಕಾರ್ಬೊನೇಟಿನ ಬಿಳಿ ಕವರನ್ನು ಆಯಾ ಮಾಡೆಲ್ಲಿನ ಅಲ್ಯೂಮಿನಿಯಂ ಮೋಲ್ಡಿಗೆ ತೊಡಿಸಬೇಕು. ಪಾಲಿಕಾರ್ಬೊನೇಟ್ 150 ಡಿಗ್ರಿಗೆ ಸ್ವಲ್ಪ ಮೊದಲೇ ಮೆತ್ತಗಾಗುತ್ತದೆ, ಬಣ್ಣ ಹಾರಲು ಬೇಕಾದದ್ದು 180ರ ಮೇಲೆ. ಒಳಗೆ ಲೋಹ ಇಲ್ಲದಿದ್ದರೆ ಕವರು ಹಪ್ಪಳವಾಗುತ್ತದೆ. ಕಾಗದವನ್ನು ಕವರಿನ ಮೇಲೆ ಕ್ಯಾಮೆರಾ ಕಂಡಿಗೆ ಸರಿಯಾಗಿ ಕೂರಿಸಿ ಟೇಪು ಹಚ್ಚಿ, ಸಿಲಿಕೋನ್ ಹಾಳೆಯ ಕೆಳಗಿಟ್ಟು ಪಂಪು ಹಾಕಿದರೆ ಹಾಳೆ ಕೆಳಗಿಳಿದು ಕವರಿನ ಮೈಗೆ, ಅಂಚಿಗೆ, ಮೂಲೆಗೆ ಚರ್ಮದಂತೆ ಅಂಟುತ್ತದೆ. ಬಿಸಿ ಮೇಲಿನಿಂದ. 5ರಿಂದ 8 ನಿಮಿಷ.

ಆ ನಿಮಿಷಗಳಲ್ಲಿ ಯಂತ್ರದ ಮುಂದಿನಿಂದ ಏಳಬಾರದು ಎಂದು ನಾನು ಕೆಲಸಕ್ಕೆ ಬರುವ ಹುಡುಗಿಯರಿಗೆ ಹೇಳುತ್ತೇನೆ. ಪಂಪಿನ ಸದ್ದು ಬದಲಾದರೆ ಎಲ್ಲೋ ಗಾಳಿ ಸೋರುತ್ತಿದೆ. ಮೂಲೆಯಲ್ಲಿ ಕಾಗದ ನಿರಿಗೆ ಬಿದ್ದರೆ ಅಲ್ಲಿ ಬಿಳಿ ಗೀಟು ಬರುತ್ತದೆ. ಅದಕ್ಕೆ ಮೊದಲೇ ಮೂಲೆಗಳಲ್ಲಿ ಕತ್ತರಿಯಿಂದ ಸಣ್ಣ ಸೀಳು ಕೊಟ್ಟಿರಬೇಕು. ಕಾಗದ ಕೂದಲೆಳೆಯಷ್ಟು ಜರುಗಿದರೂ ಮುಖಕ್ಕೆ ಜೋಡಿ ನೆರಳು. ಬಿಸಿ ಕಡಿಮೆಯಾದರೆ ಕಪ್ಪು ಬಣ್ಣ ಕಪ್ಪಾಗದೆ ಮಂಕು ಕಂದಾಗಿ ನಿಲ್ಲುತ್ತದೆ. ಹೆಚ್ಚಾದರೆ ಬಿಳಿಯೇ ಹಳದಿಗೆ ತಿರುಗುತ್ತದೆ. ನಡುವೆ ಕರೆಂಟ್ ಹೋಯಿತೋ, ಆ ಕವರು ಹೋಯಿತು. ಹೊರತೆಗೆದ ಮೇಲೂ ಕೆಲಸ ಮುಗಿದಿಲ್ಲ. ಬಿಸಿ ಇರುವಾಗಲೇ ಕಾಗದ ಬಿಡಿಸಿ, ತಣ್ಣನೆಯ ಇನ್ನೊಂದು ಮೋಲ್ಡಿಗೆ ತೊಡಿಸಿ ಆರಿಸಬೇಕು. ಹಾಗೇ ಬಿಟ್ಟರೆ ಕವರು ಕುಗ್ಗಿ ಫೋನೇ ಒಳಗೆ ಹೋಗದು. ಈಚೆಗೆ ಕಾಗದದ ಬದಲು ಫಿಲ್ಮ್ ಬಂದಿದೆ. ಬಿಸಿಗೆ ಮೆತ್ತಗಾಗಿ ಎಲ್ಲ ಬಾಗುಗಳಲ್ಲೂ ನಿರಿಗೆಯಿಲ್ಲದೆ ಕೂರುತ್ತದೆ. ಒಳ್ಳೆಯದೇ ಆಯಿತು, ಮೂಲೆಯ ಕಷ್ಟ ಬಹಳ ಕಡಿಮೆಯಾಗಿದೆ.

ಒಂದೊಂದು ಮಾಡೆಲ್ಲಿಗೂ ಬಿಸಿ ಎಷ್ಟು, ಹೊತ್ತು ಎಷ್ಟು ಎಂದು ಬರೆದಿಟ್ಟುಕೊಳ್ಳುವುದನ್ನು ಅಪ್ಪನ ನೋಟ್‌ಬುಕ್ಕಿನಿಂದ ಕಲಿತೆ. ದಪ್ಪ ಮೋಲ್ಡು ಬಿಸಿಯನ್ನು ಹೆಚ್ಚು ನುಂಗುತ್ತದೆ, ಅದಕ್ಕೆ ಹೊತ್ತು ಹೆಚ್ಚು. ಚಳಿಗಾಲದ ಬೆಳಗಿನ ಮೊದಲ ಕವರಿಗೂ ಮಧ್ಯಾಹ್ನದ ಕವರಿಗೂ ಲೆಕ್ಕ ಬೇರೆ. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಇದೊಂದೂ ಇರುವುದಿಲ್ಲ.

ಈ ದಂಧೆಯ ದೊಡ್ಡ ನಷ್ಟ ಮೋಲ್ಡಿನದು. ಪ್ರತಿ ಮಾಡೆಲ್ಲಿಗೂ ಬೇರೆ ಮೋಲ್ಡು, ಬೇರೆ ಖಾಲಿ ಕವರು. ಬೆಂಗಳೂರಿನ ಎಸ್.ಪಿ. ರೋಡಿನ ಕಡೆಯಿಂದಲೋ ದೆಹಲಿಯಿಂದಲೋ ತರಿಸಿ, ಹಾಕಿದ ಹಣ ಹುಟ್ಟುವಷ್ಟರಲ್ಲಿ ಆ ಫೋನು ಅಂಗಡಿಗಳಿಂದ ಮಾಯ, ಹೊಸದರಲ್ಲಿ ಕ್ಯಾಮೆರಾ ಅರ್ಧ ಬೆರಳು ಪಕ್ಕಕ್ಕೆ ಸರಿದಿರುತ್ತದೆ. 2017ರಲ್ಲಿ ರೆಡ್‌ಮಿ ನೋಟ್ 4ರ ಮೋಲ್ಡು ಒಂದೇ ನಮ್ಮ ಮನೆಗೆ ಅನ್ನ ಹಾಕಿತು ಎನ್ನಬಹುದು. ಈಗ ಅದು, ಅದರ ಆಚೀಚಿನ ಮಾಡೆಲ್ಲುಗಳು ಅಟ್ಟದ ಮೇಲೆ ಗೋಣಿಯಲ್ಲಿವೆ. ಗುಜರಿಯವರು ಅಲ್ಯೂಮಿನಿಯಂ ತೂಕಕ್ಕೆ ಕೇಳುತ್ತಾರೆ. ಇನ್ನೂ ಕೊಟ್ಟಿಲ್ಲ.

ಜನ ಏನು ಅಚ್ಚು ಹಾಕಿಸುತ್ತಾರೆ ಎನ್ನುವುದರಲ್ಲಿ ಊರಿನ ಚರಿತ್ರೆಯೇ ಇದೆ. ಮಗುವಿನ ಮೊದಲ ಹುಟ್ಟುಹಬ್ಬ, ಹೊಸ ಜೋಡಿ, ತೀರಿಕೊಂಡ ತಾಯಿ. ಇವು ಎಲ್ಲ ಕಾಲಕ್ಕೂ ಇವೆ. ಬಸವಣ್ಣ, ಅಂಬೇಡ್ಕರ್, ಸಂಗೊಳ್ಳಿ ರಾಯಣ್ಣ ಕೂಡ. ನವೆಂಬರ್ ಬಂದರೆ ಹಳದಿ ಕೆಂಪು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರಲ್ಲ, ಆ ಮೇಲಿನ ದಿನಗಳಲ್ಲಿ ಅಪ್ಪು ಮುಖ ಬಿಟ್ಟು ಬೇರೆ ಚಿತ್ರ ಪ್ರೆಸ್ಸಿಗೆ ಹೋಗಲೇ ಇಲ್ಲ ಎನ್ನುವಂತಾಯಿತು. ಆಟೋ ಓಡಿಸುವವರು, ಕಾಲೇಜು ಹುಡುಗಿಯರು, ವಯಸ್ಸಾದ ಹೆಂಗಸರು. ಆ ನಗುವಿನ ಬಣ್ಣ ಸರಿಯಾಗಿ ಬರಬೇಕೆಂದು ನಾನು ತುಂಬ ಹೊತ್ತು ಕೂತು ತಿದ್ದಿದ್ದೇನೆ. ಚರ್ಮದ ಬಣ್ಣ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಕೆಂಪು ಒಂದು ಗುಟುಕು ಹೆಚ್ಚಾದರೂ ಮುಖ ಬಿಸಿಲಿಗೆ ಬೆಂದಂತೆ, ಹಳದಿ ಹೆಚ್ಚಾದರೆ ಕಾಮಾಲೆ. ನಮ್ಮ ಜನರ ಎಣ್ಣೆಗಪ್ಪು, ಗೋಧಿ ಬಣ್ಣಗಳನ್ನು ಅವಿರುವಂತೆಯೇ ತರಬೇಕು, ಬೆಳ್ಳಗೆ ಮಾಡಿಕೊಡಿ ಎಂದು ಕೇಳಿದವರಿಗೂ ನಾನು ಇದೇ ಚೆಂದ ಎಂದು ತಿಳಿಸಿ ಹೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

ಈಗ ಯುವಿ ಪ್ರಿಂಟರು ಬಂದಿದೆ. ಅದಕ್ಕೆ ಬಿಸಿ ಬೇಡ, ಮೋಲ್ಡು ಬೇಡ, ಲೇಪವೂ ಬೇಡ. ಇಂಕು ಬಿದ್ದ ಕೂಡಲೇ ನೇರಳಾತೀತ ಬೆಳಕು ಅದನ್ನು ಗಟ್ಟಿ ಮಾಡುತ್ತದೆ. ಮೆತ್ತನೆಯ ಕವರಿನ ಮೇಲೂ, ಕಪ್ಪು ಕವರಿನ ಮೇಲೂ ಹೊಡೆಯಬಹುದು, ಬಿಳಿ ಬಣ್ಣವನ್ನೂ ಹಾಕಬಹುದು. ಸಬ್ಲಿಮೇಷನ್ನಿಗೆ ಇವು ಯಾವುವೂ ಬರುವುದಿಲ್ಲ. ಬಂಡವಾಳ ಇರುವವರು ಅತ್ತ ಹೋಗುತ್ತಿದ್ದಾರೆ, ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಯುವಿ ಬಣ್ಣ ಮೇಲೆ ಕೂರುತ್ತದೆ, ಉಗುರಿಗೆ ಸಿಗುತ್ತದೆ. ನಮ್ಮದು ಒಳಗೆ ಇಳಿದಿರುತ್ತದೆ, ಕೆರೆದರೆ ಸುಲಭಕ್ಕೆ ಬರುವುದಿಲ್ಲ. ಕೆಲಸವಾಗಿ ನೋಡಿದರೆ ನಾನು ಇದನ್ನೇ ಮೇಲು ಎನ್ನುತ್ತೇನೆ.

ಒಂದು ಮಾತು ಗಿರಾಕಿಗಳಿಗೆ ಯಾವಾಗಲೂ ಹೇಳುತ್ತೇನೆ. ಈ ಬಣ್ಣ ನೀರಿಗೆ ಅಂಜುವುದಿಲ್ಲ, ಬಿಸಿಲಿಗೆ ಸೋಲುತ್ತದೆ. ಬೈಕಿನ ಹ್ಯಾಂಡಲಿಗೆ ಫೋನು ಸಿಕ್ಕಿಸಿ ದಿನವಿಡೀ ಓಡಾಡುವವರ ಕವರು ಬೇಗ ಬಿಳಚುತ್ತದೆ. ತೀರಿಕೊಂಡವರ ಒಂದೇ ಒಂದು ಫೋಟೋ ತಂದು ಕವರಿಗೆ ಹಾಕಿಸಿ, ಮೂಲವನ್ನು ಕಳೆದುಕೊಂಡವರನ್ನು ಕಂಡಿದ್ದೇನೆ. ಮೂಲವನ್ನು ಜೋಪಾನ ಮಾಡಿ. ಕವರು ಇನ್ನೊಂದು ಮಾಡಬಹುದು.

ಅಪ್ಪ ಈಗಿಲ್ಲ. ಅವರ ನೋಟ್‌ಬುಕ್ ನನ್ನ ಹತ್ತಿರ ಇದೆ. ಬಟ್ಟೆಯ ತುಣುಕುಗಳಲ್ಲಿ ಹಲವು ಇನ್ನೂ ಬಣ್ಣ ಬಿಟ್ಟಿಲ್ಲ. ಕರ್ನಾಟಕದ ಗಿರಣಿಗಳ ಬಗ್ಗೆ ಬರೆದವರು ಮಾಲೀಕರ ಬಗ್ಗೆ, ಮುಷ್ಕರಗಳ ಬಗ್ಗೆ, ಗಿರಣಿ ಜಾಗದಲ್ಲಿ ಎದ್ದ ಬಡಾವಣೆಗಳ ಬಗ್ಗೆ ಬರೆದಿದ್ದಾರೆ. ಬಣ್ಣದ ಖಾತೆಯಲ್ಲಿ ನಿಂತವರಿಗೆ ಏನು ಗೊತ್ತಿತ್ತು ಎಂದು ಬರೆದದ್ದನ್ನು ನಾನು ಕಂಡಿಲ್ಲ. ಇವತ್ತಿನ ಸಾವಿರಾರು ಸಣ್ಣ ಅಂಗಡಿಗಳು ಬದುಕಿರುವುದು ಅಂಥವರ ವಿದ್ಯೆಯ ಮೇಲೆ. ದಾವಣಗೆರೆ, ಹುಬ್ಬಳ್ಳಿ, ಗೋಕಾಕ ಫಾಲ್ಸ್, ಬೆಂಗಳೂರಿನ ಬಿನ್ನಿ, ಮಿನರ್ವ, ಎಲ್ಲಿಯೇ ಆಗಲಿ ನಿಮ್ಮ ಮನೆಯ ಹಿರಿಯರು ಬಣ್ಣದ ಕೆಲಸ ಮಾಡಿದ್ದರೆ, ಅಂಥ ನೋಟ್‌ಬುಕ್ಕೋ, ತುಣುಕು ಅಂಟಿಸಿದ ಹಾಳೆಯೋ ಟ್ರಂಕಿನ ತಳದಲ್ಲಿ ಇದ್ದೀತು. ದಯವಿಟ್ಟು ರದ್ದಿಗೆ ಹಾಕಬೇಡಿ. ಪುಟ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಹಿರಿಯರು ಬದುಕಿದ್ದರೆ ಪಕ್ಕದಲ್ಲಿ ಕೂತು ಕೆಂಪು ಗೀಟುಗಳ ಅರ್ಥ ಕೇಳಿ ಬರೆದುಕೊಳ್ಳಿ.